ಬಾಣನಿಗೆ ಗಾಬರಿ

ನಮ್ಮೂರ ದೇವರೇ ಅರ್ಧ ಹರಿ, ಅರ್ಧ ಹರ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಇಬ್ಬರೂ ಒಂದೇ ಮೈಯೊಳಗೆ ಹೊಂದಿಕೊಂಡು ನಿಂತಿದ್ದಾರೆ. ಹಾಗಾಗಿ ಒಂದು ಕಡೆ ಹುಲಿ, ಇನ್ನೊಂದು ಕಡೆ ಇಲಿ ಆಗಿರುವವರನ್ನು ಕಂಡರೆ ಹರಿಹರದವರಿಗೆ ವಿಶೇಷ ಅನ್ನಿಸುವುದಿಲ್ಲ. ಕಚೇರಿಯಲ್ಲಿ ಗುಡುಗಿ ಮನೆಯಲ್ಲಿ ತರಕಾರಿ ಹೆಚ್ಚುವ ಸಾಹೇಬರು, ಸಂತೆಯಲ್ಲಿ ತಗಾದೆ ತೆಗೆದು ಸಾಹುಕಾರರ ಮುಂದೆ ಮುದುಡುವ ಗಟ್ಟಿಗರು ನಮ್ಮಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಆದರೆ ಊರ ದೇವರ ಈ ಸಂಪ್ರದಾಯವನ್ನು ನಾಯಿಯೊಂದು ನಿಷ್ಠೆಯಿಂದ ಪಾಲಿಸಿದ್ದು ನಮ್ಮ ದೊಡ್ಡಪ್ಪನ ಮನೆಯಲ್ಲಿ.

ಅದರ ಹೆಸರು ಬಾಣ. ಮುಧೋಳ ತಳಿ. ಚೂಪು ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿ ಮರಳು ಬಯಲಾದಾಗ ಅದನ್ನು ಅಲ್ಲಿ ಬಿಟ್ಟರೆ ನೋಡಬೇಕಿತ್ತು. ಈ ಜಾತಿಯ ಬೇಟೆನಾಯಿಗಳು ಪೂರ್ತಿ ವೇಗ ಹಿಡಿದಾಗ ಒಂದೊಂದು ನೆಗೆತದಲ್ಲಿ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಒಮ್ಮೆ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಗಂಟುಕಟ್ಟಿದಾಗ, ಇನ್ನೊಮ್ಮೆ ಹಿಂದೆ ಮುಂದೆ ಚಾಚಿದಾಗ. ಬಟ್ಟೆ ಒಗೆಯಲು ಬಂದವರು ಕೈಯಲ್ಲಿದ್ದ ಸೀರೆ ಹಿಂಡುವುದನ್ನೂ ಮರೆತು ನೋಡುತ್ತಿದ್ದರು. ಅಂಥ ಬಾಣ ಸ್ಪರ್ಧೆಯ ಮೈದಾನಕ್ಕೆ ಹೋದ ಕೂಡಲೇ ಬಾಲವನ್ನು ಹೊಟ್ಟೆಯೊಳಗೆ ಸೇರಿಸಿ, ದೊಡ್ಡಪ್ಪನ ಪಂಚೆಯ ಹಿಂದೆ ಜಾಗ ಹುಡುಕುತ್ತಿತ್ತು. ಮರಳಿನಲ್ಲಿ ಹರಿ, ಮೈದಾನದಲ್ಲಿ ಹರಹರಾ.

ದೊಡ್ಡಪ್ಪ ಟರ್ನರ್. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಾಗಿನಿಂದ ಹರಿಹರ ಅಂದರೆ ಲೇತ್, ಲೇತ್ ಅಂದರೆ ಹರಿಹರ ಎಂಬಂತಿದ್ದ ಕಾಲದ ಮನುಷ್ಯ. ಪಾಳಿಯ ಸೈರನ್ನಿಗೆ ಊರಿನ ಗಡಿಯಾರಗಳು ಹೊಂದಿಕೊಳ್ಳುತ್ತಿದ್ದವು. ಹೆಂಗಸರು ಅದನ್ನು ಕೇಳಿ ಒಲೆ ಹಚ್ಚುತ್ತಿದ್ದರು. ಕಾರ್ಖಾನೆ ಮುಚ್ಚಿ ಆ ಸೈರನ್ ನಿಂತ ಮೇಲೂ ದೊಡ್ಡಪ್ಪ ಬೆಳಗಿನ ಪಾಳಿಯ ಹೊತ್ತಿಗೇ ಏಳುತ್ತಿದ್ದರು. ಎದ್ದು ಸ್ನಾನ ಮಾಡಿ, ತಲೆ ಬಾಚಿ, ಹೋಗಲು ಜಾಗವಿಲ್ಲದೆ ಪಡಸಾಲೆಯಲ್ಲಿ ಕೂರುತ್ತಿದ್ದರು. ತಲೆಯಲ್ಲಿ ಕೂದಲು ಉಳಿದಿರಲಿಲ್ಲವಾದ್ದರಿಂದ ಬಾಚುವುದು ಕೂಡ ಹಳೆಯ ಅಭ್ಯಾಸದ ಗೌರವಾರ್ಥ ಅಷ್ಟೆ. ಬಾಗಲಕೋಟೆ ಕಡೆಯ ಗೆಳೆಯರೊಬ್ಬರು ಈ ಅವಸ್ಥೆ ನೋಡಲಾರದೆ ಮರಿಯೊಂದನ್ನು ತಂದುಕೊಟ್ಟರು. ಆ ಕಡೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿ ಓಟದಷ್ಟೇ ಉತ್ಸಾಹದಿಂದ ನಾಯಿ ಓಟವೂ ನಡೆಯುತ್ತದೆ. ಮರಿ ಕೊಟ್ಟವರು ಓಟದ ಆಸೆಯನ್ನೂ ಜೊತೆಗೇ ಕೊಟ್ಟು ಹೋದರು.

ಮರಿ ಬಂದ ಮೇಲೆ ದೊಡ್ಡಪ್ಪ ಅದರ ವಂಶಾವಳಿಯನ್ನು ನೆಂಟರಿಷ್ಟರಿಗೆಲ್ಲ ಒಪ್ಪಿಸತೊಡಗಿದರು. ಬೇಡರು ಬೇಟೆಗೆ ಒಯ್ಯುತ್ತಿದ್ದ ಈ ನಾಯಿಗಳನ್ನು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಸಾಕಿ ಬೆಳೆಸಿದ್ದು, ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದದ್ದು, ಸೇನೆಯವರೂ ತರಬೇತಿಗೆ ಒಯ್ದದ್ದು. ಸಾಲದೆಂಬಂತೆ ಆತಕೂರಿನ ಶಾಸನದವರೆಗೂ ಹೋಗುತ್ತಿದ್ದರು. ಹತ್ತನೆಯ ಶತಮಾನದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರ, ಒಡೆಯ ಮೆಚ್ಚಿ ಬೇಕಾದ್ದು ಕೇಳೆಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಇಷ್ಟನ್ನು ಕೇಳಿಸಿಕೊಳ್ಳುತ್ತ ಬಾಣ ದೊಡ್ಡಪ್ಪನ ಕಾಲಡಿ ಕೂತು ಸುದೀರ್ಘವಾಗಿ ಆಕಳಿಸುತ್ತಿತ್ತು. ಹಂದಿಯ ಮುಂದೆ ನಿಂತಾಗ ಕಾಳಿಯ ಹೊಟ್ಟೆಯಲ್ಲಿ ಏನಾಗಿತ್ತು ಎಂಬುದನ್ನು ಶಾಸನ ಬರೆದವನು ಕೇಳಲಿಲ್ಲ. ವೀರಗಲ್ಲುಗಳಲ್ಲಿ ನಡುಕಕ್ಕೆ ಜಾಗ ಬಿಡುವ ಪದ್ಧತಿಯಿಲ್ಲ.

ಮೊದಲ ಓಟಕ್ಕೆ ನಾವೆಲ್ಲ ಹೋಗಿದ್ದೆವು. ಬೈಕಿನ ಹಿಂದೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಮೊಲ. ಇತ್ತ ಗೆರೆಯ ಮೇಲೆ ನಾಯಿ ಹಿಡಿದವರು ಸಾಲಾಗಿ ಮಂಡಿಯೂರಿರುತ್ತಾರೆ. ಒಂದು ಕೈ ಕೊರಳಪಟ್ಟಿಯಲ್ಲಿ, ಇನ್ನೊಂದು ಕೈ ಎದೆಯ ಕೆಳಗೆ. ಹಲಗೆ ಬಡಿತ, ಸೀಟಿ, ಧ್ವನಿವರ್ಧಕದಲ್ಲಿ ದಾನಿಗಳ ಹೆಸರು. ಬೇರೆ ನಾಯಿಗಳು ಮೊಲದ ಕಡೆ ನೋಡಿ ಕುಂಯ್‌ಗುಡುತ್ತಿದ್ದರೆ ನಮ್ಮದು ದೊಡ್ಡಪ್ಪನ ಮುಖ ನೋಡುತ್ತಿತ್ತು. ತುಟಿ ನೆಕ್ಕಿಕೊಳ್ಳುವುದು, ಆಕಳಿಸುವುದು, ಒದ್ದೆಯಾಗದಿದ್ದರೂ ಮೈ ಕೊಡವುವುದು, ಕಣ್ಣಿನ ಬಿಳಿ ಕಾಣುವಂತೆ ವಾರೆನೋಟ ಬೀರುವುದು. ನಮಗೇನು ತಿಳಿಯುತ್ತದೆ? “ನಿದ್ದೆ ಬಂದೈತಿ ಅದಕ್ಕೆ, ರಾತ್ರಿ ಪ್ರಯಾಣ ಅಲ್ಲೇನು” ಎಂದರು ಪಕ್ಕದ ಮನೆಯವರು. ಬೈಕು ಹೊರಟಿತು. ಮಿಕ್ಕವೆಲ್ಲ ಮೊಲದ ಹಿಂದೆ ಹೋದವು, ಬಾಣ ನಾವು ಬಂದ ಟೆಂಪೋದ ಹಿಂದೆ ಹೋಯಿತು. ವೇಗದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ, ದಿಕ್ಕೊಂದೇ ಬೇರೆ.

ಆಮೇಲೆ ಚಿಕಿತ್ಸೆಯ ಪರ್ವ. ಹರಿಹರದಲ್ಲಿ ಭಯ ಬಿಡಿಸುವವರಿಗೆ ಬರಗಾಲವಿಲ್ಲ. ದೊಡ್ಡಮ್ಮ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಬಾಣ ಸೀನಿದಷ್ಟೂ ದೃಷ್ಟಿ ಜೋರಾಗಿಯೇ ತಾಗಿತ್ತೆಂದು ಖಾತ್ರಿಯಾಯಿತು. ದರ್ಗಾದಿಂದ ಕಪ್ಪು ದಾರ ಬಂತು. ಎದುರುಮನೆಯವರು ಆರೋಗ್ಯಮಾತೆಯ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದರು. ರಾಣೆಬೆನ್ನೂರಿನ ಆಚೆ ದೇವರಗುಡ್ಡಕ್ಕೆ ಕರೆದೊಯ್ದಾಗ ಕಪ್ಪು ಕಂಬಳಿ ಹೊದ್ದ ಗೊರವಯ್ಯ ಬಾಣನ ಹಣೆಗೆ ಭಂಡಾರ ಹಚ್ಚಿದ. ಗೊರವರು ಮೈಲಾರಲಿಂಗನ ನಾಯಿಗಳಾಗಿ ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿ ಬಡಿಸಿದ ಹಾಲು ಬಾಳೆಹಣ್ಣಿಗೆ ಬಾಯಿ ಹಾಕುವವರು. “ಇದು ನಮ್ಮ ತಮ್ಮ ಬಿಡ್ರೀ, ಏನೂ ಆಗಂಗಿಲ್ಲ” ಎಂದು ಆತ ಒಮ್ಮೆ ಗಟ್ಟಿಯಾಗಿ ಬೊಗಳಿ ತೋರಿಸಿದ. ಅಣ್ಣನ ದನಿ ಕೇಳಿದ ತಮ್ಮ ದೊಡ್ಡಪ್ಪನ ಪಂಚೆಯನ್ನು ಹುಡುಕಿಕೊಂಡು ಹೋದ.

ಕೊನೆಗೆ ದಾವಣಗೆರೆಯ ಪಶುವೈದ್ಯರೊಬ್ಬರ ಬಳಿ ಹೋದದ್ದು. ನಿದ್ದೆಮಾತ್ರೆಯನ್ನು ಪುಡಿ ಮಾಡಿ ಹಾಲಿಗೆ ಹಾಕಿದರೆ ಹೇಗೆ ಎಂದು ದೊಡ್ಡಪ್ಪ ಕೇಳಿದ್ದಕ್ಕೆ ಅವರು ಪೆನ್ನು ಕೆಳಗಿಟ್ಟರು. ಕೊಬ್ಬಿಲ್ಲದ ಈ ಮೈಗೆ ಕೆಲವು ಅರಿವಳಿಕೆ ಔಷಧಗಳೇ ಹೆಚ್ಚಾಗಿಬಿಡುತ್ತವೆ, ಮನುಷ್ಯರ ಮಾತ್ರೆ ಕೈಯಲ್ಲಿ ಮುಟ್ಟಬೇಡಿ ಎಂದರು. ಕೆಲವು ಮಾತ್ರೆಗಳು ಮೈಯನ್ನು ಮಲಗಿಸುತ್ತವೆ, ಭಯ ಒಳಗೆ ಎಚ್ಚರವಾಗಿಯೇ ಇರುತ್ತದೆ ಎಂದೂ ಹೇಳಿದರು. ಆಕಳಿಕೆ ನಿದ್ದೆಯದಲ್ಲ, ಗಾಬರಿಯದು ಎಂಬ ಪಾಠವೂ ಆಯಿತು. ಇಂಥ ಸನ್ನೆಗಳನ್ನು ನಾರ್ವೆಯ ತುರಿದ್ ರುಗೋಸ್ ಎಂಬ ತರಬೇತುದಾರ್ತಿ ಪಟ್ಟಿ ಮಾಡಿ ಜಗತ್ತಿಗೆ ತಿಳಿಸಿದ್ದಾರಂತೆ. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆಯೇ ಎಂದು ದೊಡ್ಡಮ್ಮ ಕೇಳಿದರು. ಹೆದರಿಕೆ ಅದು ಬೇಕೆಂದು ಮಾಡುವ ಚೇಷ್ಟೆಯಲ್ಲ, ಮುದ್ದು ಸಿಗುತ್ತದೆಂದು ಯಾರೂ ಹೆದರುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂರಿ ಎಂದರು ವೈದ್ಯರು. ದೊಡ್ಡಪ್ಪನ ಮುಖ ನೋಡಿ “ನೀವೂ ಸುಮ್ಮನೆ ಕೂರಬೇಕು” ಎಂದು ಸೇರಿಸಿದರು.

ಸುಮ್ಮನೆ ಕೂರಲು ಜಾಗ ಬೇಕಲ್ಲ. ಅದಕ್ಕೆ ಕಂಬಳಿ ಬಂತು. ಮನೆಯಲ್ಲಿ ಹಳೆಯದೊಂದು ಕುರಿಕಂಬಳಿಯಿತ್ತು. ಅದನ್ನು ಹಾಸಿದರೆ ಊಟ, ಹಾಸಿದರೆ ಮೈ ಸವರುವುದು, ಹಾಸಿದ ಮೇಲೆ ಯಾರೂ ಕರೆಯುವಂತಿಲ್ಲ, ಎಬ್ಬಿಸುವಂತಿಲ್ಲ. ಕೆಲವೇ ದಿನಗಳಲ್ಲಿ ಕಂಬಳಿಯ ಅಂಚು ನೆಲಕ್ಕೆ ತಾಗಿದ ಕೂಡಲೇ ಬಾಣ ಅದರ ಮೇಲೆ ಬಂದು ಎರಡು ಸುತ್ತು ತಿರುಗಿ ನಿಟ್ಟುಸಿರುಬಿಟ್ಟು ಒರಗತೊಡಗಿತು. ಕಂಬಳಿಯನ್ನು ಮೊದಲು ಅಂಗಳಕ್ಕೆ, ಆಮೇಲೆ ನದಿಯ ದಂಡೆಗೆ, ಆಮೇಲೆ ರೈಲ್ವೆ ಸೇತುವೆ ಕಾಣುವಷ್ಟು ದೂರಕ್ಕೆ, ಆಮೇಲೆ ಸೇತುವೆಯ ಹತ್ತಿರಕ್ಕೆ ಒಯ್ದರು. ಗೂಡ್ಸು ಗಾಡಿ ಸೇತುವೆ ಹತ್ತಿದಾಗ ಎರಡೂ ದಂಡೆ ದಡದಡಿಸುತ್ತವೆ. ಬಾಣ ಕಿವಿ ಎತ್ತುತ್ತಿತ್ತು, ದೊಡ್ಡಪ್ಪ ಮಂಡಕ್ಕಿ ಎಸೆಯುತ್ತಿದ್ದರು.

ಮಂಡಕ್ಕಿ ದೊಡ್ಡಪ್ಪನ ಸ್ವಂತ ಸಂಶೋಧನೆ. ದಾವಣಗೆರೆಯ ಜನಕ್ಕೆ ಮಂಡಕ್ಕಿ ಮಿರ್ಚಿ ಇಲ್ಲದೆ ಸಂಜೆಯಾಗುವುದಿಲ್ಲ. ನಾಯಿಗೇಕೆ ಭೇದ ಎಂಬುದು ಅವರ ವಾದ. ಬರಿ ಮಂಡಕ್ಕಿ ಹಗುರ, ಹೊಟ್ಟೆ ತುಂಬುವುದಿಲ್ಲ, ಒಂದೊಂದೇ ಕಾಳು ಕೊಡುತ್ತ ಬಹಳ ಹೊತ್ತು ಸರಿದೂಗಿಸಬಹುದು. ಆದರೆ ಈರುಳ್ಳಿ ನಾಯಿಯ ರಕ್ತಕ್ಕೆ ವಿಷ. ಆದ್ದರಿಂದ ಎರಡು ಪೊಟ್ಟಣ: ಈರುಳ್ಳಿ, ಮೆಣಸಿನಕಾಯಿ, ಎಣ್ಣೆ ಹಾಕಿ ಕಲಸಿದ್ದು ದೊಡ್ಡಪ್ಪನಿಗೆ, ಸಪ್ಪೆಯದು ಬಾಣನಿಗೆ. ನಡುವೆ ಕಂಬಳಿ. ಹಿನ್ನೆಲೆಗೆ ಮೊಮ್ಮಗನ ಮೊಬೈಲಿನಲ್ಲಿ ಹಲಗೆ, ಡೊಳ್ಳು, ಜಾತ್ರೆಯ ಗದ್ದಲ. ಮೊದಲು ಕಿವಿಗೆ ಹಿಡಿದರೆ ಮಾತ್ರ ಕೇಳುವಷ್ಟು ಸಣ್ಣಗೆ. ಬಾಣ ಮಂಡಕ್ಕಿ ಬಿಟ್ಟು ತಲೆಯೆತ್ತದಿದ್ದರೆ ಮರುದಿನ ಒಂದು ಗೆರೆ ಹೆಚ್ಚು. ದುಗ್ಗಮ್ಮನ ಜಾತ್ರೆಯ ಡೊಳ್ಳನ್ನು ಅಷ್ಟು ಮೆಲ್ಲಗೆ ಕೇಳಿದವರು ದಾವಣಗೆರೆ ಜಿಲ್ಲೆಯಲ್ಲಿ ಇನ್ನಾರೂ ಇರಲಿಕ್ಕಿಲ್ಲ.

ಗಾಬರಿ ಪೂರ್ತಿ ಹೋಗುವುದೂ ಬೇಡ ಎಂದು ವೈದ್ಯರು ಹೇಳಿದ್ದರು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡಿದ್ದರು: ಕೆಲಸ ಕಷ್ಟದ್ದಾದರೆ ಉದ್ರೇಕ ತೀರ ಕಡಿಮೆಯಾದರೂ ಕಲಿಕೆ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ದೊಡ್ಡಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. “ಶಾಫ್ಟಿಗೂ ಬುಷ್ಷಿಗೂ ನಡುವೆ ಇರೋ ಕ್ಲಿಯರೆನ್ಸ್ ಇದು” ಎಂದರು. “ಜಾಸ್ತಿ ಬಿಟ್ಟರೆ ಅಲ್ಲಾಡ್ತದೆ, ಕಡಿಮೆ ಬಿಟ್ಟರೆ ಹಿಡ್ಕಂತದೆ.” ಬಾಣನ ಕ್ಲಿಯರೆನ್ಸ್ ನೋಡಲು ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಕಾರ್ಖಾನೆಯಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಬದುಕಿದ ಕೈಗೆ ಮತ್ತೆ ಅಳೆಯಲು ಒಂದು ವಸ್ತು ಸಿಕ್ಕಿತ್ತು. ಆ ಹೊತ್ತಿನಲ್ಲಿ ಅವರನ್ನು ಕಂಡವರು ದೇವರ ಧ್ಯಾನವೆಂದುಕೊಂಡು ಚಪ್ಪಲಿ ಬಿಟ್ಟು ಬರುತ್ತಿದ್ದರು.

ಎಲ್ಲ ಸರಿಹೋಯಿತು ಎನ್ನುವಾಗ ಒಂದು ಓಟದಲ್ಲಿ ಗೆರೆಯ ಪಕ್ಕದಲ್ಲೇ ಮೈಕು ಕೀರಿತು. ಕಿವಿಯೊಳಗೆ ಮೊಳೆ ಹೊಡೆಯುವ ಆ ಕೀರಲು ದನಿಗೆ ಬಾಣ ಕಲಿತದ್ದೆಲ್ಲ ಕೈಬಿಟ್ಟು ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಮನೆಗೆ ಬಂದರೆ ಕಂಬಳಿಯೂ ಬೇಡ, ಮಂಡಕ್ಕಿಯೂ ಬೇಡ. ವೈದ್ಯರು ರಷ್ಯದ ವಿಜ್ಞಾನಿ ಪಾವ್ಲೋವನ ನಾಯಿಗಳ ಕಥೆ ಹೇಳಿ ಸಮಾಧಾನಪಡಿಸಿದರು. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ನೆರೆ ಬಂದು ಪ್ರಯೋಗಶಾಲೆಗೆ ನೀರು ನುಗ್ಗಿತ್ತು. ಬೋನಿನಲ್ಲಿದ್ದ ನಾಯಿಗಳು ಮೂಗು ಮೇಲೆತ್ತಿ ಈಜುತ್ತಿದ್ದಾಗ ಅವನ್ನು ಹೊರಗೆಳೆದು ಉಳಿಸಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಅಷ್ಟು ಶ್ರಮಪಟ್ಟು ಕಲಿಸಿದ್ದನ್ನೆಲ್ಲ ಮರೆತಿದ್ದವು. ಅವು ಸುಧಾರಿಸಿಕೊಂಡ ಮೇಲೂ ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಬಿಟ್ಟರೆ ಸಾಕು, ಮತ್ತೆ ತತ್ತರಿಸುತ್ತಿದ್ದವು. ತುಂಗಾ ಭದ್ರಾ ಜಲಾಶಯಗಳಿಂದ ನೀರು ಬಿಟ್ಟರೆ ಸಾಕು, ದಂಡೆಯ ಮನೆಗಳವರು ರಾತ್ರಿಯಿಡೀ ಮೆಟ್ಟಿಲು ಲೆಕ್ಕ ಹಾಕುವ ಊರು ನಮ್ಮದು. ಪಾವ್ಲೋವನ ನಾಯಿಗಳ ಸಂಕಟ ನಮಗೆ ಬೇಗ ಅರ್ಥವಾಯಿತು. “ಆಗಲಿ, ಮೊದಲಿಂದ ಶುರು ಮಾಡೋಣ” ಎಂದು ದೊಡ್ಡಪ್ಪ ಕಂಬಳಿ ಕೊಡವಿದರು. ಕೆಟ್ಟ ಜಾಬನ್ನು ಕಿತ್ತು ಹೊಸದಾಗಿ ಚಕ್ಕಿಗೆ ಹಿಡಿಸುವುದು ಅವರಿಗೆ ಹೊಸತಲ್ಲ.

2020ರ ಜುಲೈಯಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್ಮನ್ ಸುದ್ದಿಯಾಯಿತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಬಳಿ ನಡೆದ ಕೊಲೆಯೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟಿದ್ದಳು. ಪತ್ರಿಕೆಯಲ್ಲಿ ಅವಳ ಫೋಟೊ ನೋಡಿ ಊರೆಲ್ಲ ಕೊಂಡಾಡಿತು. ನಮ್ಮ ಓಣಿಯಲ್ಲಿ ಬಾಣನ ಮಾನ ಮಾತ್ರ ಇಳಿಯಿತು: ಆ ವಯಸ್ಸಾದ ಹೆಣ್ಣುನಾಯಿ ಅಷ್ಟು ದೂರ ಓಡಿದೆ, ಇದಕ್ಕೇನಾಗಿದೆ ಧಾಡಿ? ದೊಡ್ಡಪ್ಪ ಫೋಟೊವನ್ನು ಬಹಳ ಹೊತ್ತು ನೋಡಿ ಒಂದು ಮಾತು ಹೇಳಿದರು. “ತುಂಗಾಗೆ ಹಿಂದಿಂದ ಯಾರೂ ಗೆಲ್ಲು ಗೆಲ್ಲು ಅನ್ನಲಿಲ್ಲ ನೋಡು. ವಾಸನೆ ಕೊಟ್ಟರು, ಹೋಗು ಅಂದರು. ಹೋದಳು.”

ಈ ಮಾತಿನ ಪರೀಕ್ಷೆ ಬೇಗನೆ ಆಗಿಹೋಯಿತು. ಕೊರೊನಾ ತಗ್ಗಿ ಊರುಗಳು ಮತ್ತೆ ಜಾತ್ರೆ ಮಾಡುವಂತಾದ ಮೇಲೆ ಒಂದು ಓಟಕ್ಕೆ ಹೆಸರು ಬರೆಸಿದ್ದರು. ಹಿಂದಿನ ದಿನ ದೊಡ್ಡಪ್ಪನ ಸೊಂಟ ಹಿಡಿಯಿತು. ಟೆಂಪೋಗೆ ಬಾಡಿಗೆ ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ದೊಡ್ಡಮ್ಮ ಹಗ್ಗ ಹಿಡಿದು ಹೊರಟರು. ನಾನು ಕಂಬಳಿ ಹೊತ್ತೆ. ದೊಡ್ಡಮ್ಮನಿಗೆ ಓಟದ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಒಂದೇ ಚಿಂತೆ. ಧ್ವನಿವರ್ಧಕದಿಂದ ದೂರ, ಹುಣಸೆಮರದ ಕೆಳಗೆ ಕಂಬಳಿ ಹಾಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮಂಡಕ್ಕಿ ಎಸೆಯುತ್ತ ಕೂತರು. ಬಾಣ ಅಲ್ಲಿಯ ಹುಲ್ಲನ್ನೆಲ್ಲ ಮೂಸಿ ನೋಡಿ, ಅವರ ಮಡಿಲಲ್ಲಿ ಗದ್ದ ಊರಿ, ಹಲಗೆಯ ಸದ್ದಿಗೆ ಒಂದೇ ಕಿವಿ ಕೊಟ್ಟಿತು. ಗೆರೆಯ ಮೇಲೆ ನಿಂತಾಗಲೂ ದೊಡ್ಡಮ್ಮ ನನ್ನ ಕಡೆ ತಿರುಗಿ, “ರೆಗ್ಯುಲೇಟರ್ ತಿರುಗಿಸಿದ ನೆನಪೈತೇನೋ ನಿನಗೆ?” ಎಂದು ಕೇಳುತ್ತಿದ್ದರು. ಬೈಕು ಹೊರಟಿತು. ಅವರು ಕೈಬಿಟ್ಟರು. ತುಂಗಭದ್ರೆಯ ಮರಳಿನಲ್ಲಿ ಓಡುತ್ತಿದ್ದ ಬಾಣ ಆ ದಿನ ಆ ಕೆಂಪುಮಣ್ಣಿನಲ್ಲಿ ಓಡಿತು. ಧೂಳು ಇಳಿದ ಮೇಲೆ ಎರಡನೆಯ ಬಹುಮಾನ ಎಂದು ಮೈಕಿನಲ್ಲಿ ಕೂಗಿದರು. “ಮುಗೀತಾ? ಹಂಗಾದ್ರೆ ನಡಿ ಬೇಗ” ಎಂದರು ದೊಡ್ಡಮ್ಮ. ಗ್ಯಾಸ್ ಬಂದ್ ಆಗಿಯೇ ಇತ್ತು.

ಹಗ್ಗ ಹಿಡಿದವರ ಗಾಬರಿ ನಾಯಿಗೂ ಅಂಟುತ್ತದೆ ಎಂಬುದಕ್ಕೆ ಶಾಸ್ತ್ರಾಧಾರವೂ ಇದೆಯೆಂದು ಆಮೇಲೆ ತಿಳಿಯಿತು. ನೇಪಲ್ಸಿನ ವಿಜ್ಞಾನಿಗಳು ಹೆದರಿದ ಮನುಷ್ಯರ ಬೆವರನ್ನು ನಾಯಿಗಳಿಗೆ ಮೂಸಲು ಬಿಟ್ಟು ನೋಡಿ, ಅವುಗಳ ಎದೆಬಡಿತವೂ ಏರುತ್ತದೆಂದು 2018ರಲ್ಲಿ ಬರೆದರು. 2019ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲು ತೆಗೆದು, ಅದರಲ್ಲಿ ತಿಂಗಳುಗಟ್ಟಲೆ ಜಮೆಯಾದ ಕಾರ್ಟಿಸೋಲ್ ಅಳೆದರು. ಒಡತಿಯ ಒತ್ತಡ ಏರಿದಲ್ಲಿ ನಾಯಿಯದೂ ಏರಿತ್ತು. ಅದರಲ್ಲೂ ಸ್ಪರ್ಧೆಗೆ ಹೋಗುವ ನಾಯಿಗಳಲ್ಲಿ ಈ ನಂಟು ಹೆಚ್ಚು ಬಿಗಿ. ನಾಯಿಯ ಸ್ವಭಾವಕ್ಕಿಂತ ಯಜಮಾನಿಯ ಸ್ವಭಾವವೇ ಇದರಲ್ಲಿ ಹೆಚ್ಚು ಕಂಡಿತಂತೆ. ನಾನು ಇದನ್ನು ಓದಿ ಹೇಳಿದಾಗ ದೊಡ್ಡಪ್ಪ ಬೋಳುತಲೆ ಸವರಿಕೊಂಡು, “ನನ್ನ ಮೇಲೆ ಏನೂ ಸಾಬೀತು ಮಾಡಾಕೆ ಬರಂಗಿಲ್ಲ” ಎಂದರು.

ಆದರೆ ನನಗೆ ಒಂದು ಯೋಚನೆ ಬಿಡಲಿಲ್ಲ. ದೊಡ್ಡಪ್ಪ ಹೆದರಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಸೈರನ್ ನಿಂತ ವರ್ಷ ಅವರಿಗೆ ಇಬ್ಬರು ಹೆಣ್ಣುಮಕ್ಕಳ ಮದುವೆ ಬಾಕಿಯಿತ್ತು, ಮನೆಯ ಸಾಲವಿತ್ತು. ಆಗಲೂ ಪಡಸಾಲೆಯಲ್ಲಿ ನೆಟ್ಟಗೆ ಕೂತು ಪೇಪರ್ ಓದುತ್ತಿದ್ದರು. ಆ ತಲೆಮಾರಿನ ಗಂಡಸರಿಗೆ ಕಾರ್ಖಾನೆಯವರು ಬೂಟು, ಖಾಕಿ ಬಟ್ಟೆ, ಹಬ್ಬದ ಮುಂಗಡ ಎಲ್ಲ ಕೊಟ್ಟಿದ್ದರು. ಗಾಬರಿಯಾಗಲು ರಜೆ ಮಾತ್ರ ಯಾವ ಒಪ್ಪಂದದಲ್ಲೂ ಇರಲಿಲ್ಲ. ನಡುಗಲು ಒಂದು ಮೈ ಬೇಕಿತ್ತು. ಬಾಣ ಬಂದು ಅದನ್ನು ಒದಗಿಸಿತು. ನಾಯಿಗೆ ಗಾಬರಿ ಎಂದು ಕಂಬಳಿ ಹಾಸಿದಾಗ ಅದರ ಒಂದು ತುದಿಯಲ್ಲಿ ಅವರೂ ಕೂತರು. ನಾಯಿಗೆ ನಿಧಾನ ಉಸಿರು ಕಲಿಸಲು ಹೋಗಿ ಅವರೂ ನಿಧಾನವಾಗಿ ಉಸಿರಾಡಿದರು. ಸಂಜೆ ನದಿಯ ದಂಡೆಯಲ್ಲಿ ಅದು ಮೂಸುತ್ತ ಮೂಸುತ್ತ ಎತ್ತ ಎಳೆದರೆ ಅತ್ತ ಹೋದರು. ಎಷ್ಟು ಹೊತ್ತಿಗೆ ತಿರುಗಿ ಬರಬೇಕೆಂದು ಹೇಳುವ ಸೈರನ್ ಇರಲಿಲ್ಲ.

ಬಾಣ ಆಮೇಲೆ ಕೆಲವು ಓಟಗಳಲ್ಲಿ ಓಡಿತು, ಕೆಲವಕ್ಕೆ ಕಂಬಳಿಯಿಂದ ಏಳಲಿಲ್ಲ. ಎದೆಯ ಮೇಲೆ ಕೈಯಿಟ್ಟು ನೋಡಿ “ಇವತ್ತು ಬೇಡಂತೆ” ಎಂದು ದೊಡ್ಡಪ್ಪ ಹೆಸರು ವಾಪಸ್ ಪಡೆಯುತ್ತಿದ್ದರು. ಅಷ್ಟು ದೂರದಿಂದ ಬಂದು ಓಡಿಸದೆ ಹೋಗುವ ಮುದುಕನನ್ನು ನೋಡಿ ಜನ ನಗುತ್ತಿದ್ದರು. ದೊಡ್ಡಪ್ಪ ಅವರಿಗೂ ಮಂಡಕ್ಕಿ ಕೊಡುತ್ತಿದ್ದರು. ಬಾಣನಿಗೆ ಕೊನೆಯ ದಿನಗಳಲ್ಲಿ ಕಿವಿ ಮಂದವಾಗಿ, ಗಣಪತಿ ಮೆರವಣಿಗೆಯ ಡಿಜೆ ಮನೆಮುಂದೆ ಹಾದರೂ ಹೊರಳಿ ಮಲಗುತ್ತಿತ್ತು. ತರಬೇತಿಯ ಫಲವೆಂದು ದೊಡ್ಡಪ್ಪ ಎಲ್ಲರಿಗೂ ಹೇಳಿಕೊಂಡರು. ನಾವು ತಿದ್ದಲಿಲ್ಲ.

ಬಾಣ ಹೋದ ಮೇಲೂ ಅದರ ಗಾಬರಿ ನಮ್ಮ ಮನೆಯಲ್ಲೇ ಉಳಿದಿದೆ. ಸಂದರ್ಶನಕ್ಕೆ ಹೊರಡುವ ಹುಡುಗ, ಹೆರಿಗೆಗೆ ತವರಿಗೆ ಬಂದ ಮಗಳು, ಯಾರೂ “ನನಗೆ ಭಯ” ಎನ್ನುವುದಿಲ್ಲ. “ಬಾಣನಿಗೆ ಯಾಕೋ ಗಾಬರಿ” ಎನ್ನುತ್ತಾರೆ. ಅಷ್ಟೆಂದರೆ ಸಾಕು, ಮುಂದಿನದು ಎಲ್ಲರಿಗೂ ಗೊತ್ತು. ಟಿವಿ ಸದ್ದು ಇಳಿಯುತ್ತದೆ, ಕಂಬಳಿ ಬರುತ್ತದೆ, ನದಿಯ ಕಡೆ ಒಂದು ಸುತ್ತು ಆಗುತ್ತದೆ, ಪಾಸಾಗ್ತೀಯಾ ಗೆಲ್ತೀಯಾ ಎಂದು ಯಾರೂ ಕೇಳುವುದಿಲ್ಲ. ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ದಾವಣಗೆರೆಗೆ ಹೊರಡುವ ಹಿಂದಿನ ಸಂಜೆ ದೊಡ್ಡಪ್ಪ ಪಡಸಾಲೆಯಲ್ಲಿ ನೆಟ್ಟಗೆ ಕೂತು, ಪೇಪರಿನಿಂದ ತಲೆಯೆತ್ತದೆ, “ಬಾಣನಿಗೆ ಗಾಬರಿ ಆಗೇತಿ” ಎಂದರು. ದೊಡ್ಡಮ್ಮ ಕಂಬಳಿ ಹಾಸಿ, ಅಡಿಗೆಮನೆಯಿಂದ ಕೂಗಿ ಕೇಳಿದರು: “ಮಂಡಕ್ಕಿಗೆ ಈರುಳ್ಳಿ ಹಾಕಲೋ ಬೇಡವೋ?”

“ಹಾಕು ಹಾಕು” ಎಂದರು ದೊಡ್ಡಪ್ಪ. “ಗಾಬರಿ ಅದರದ್ದು. ಹೊಟ್ಟೆ ನಂದು.”